ಖಾಲಿ ಮನೆಯ ದೀಪವೂ ಹಳೆ ಗೋಡೆಯ ಬಣ್ಣವೂ



ದಾವಣಗೆರೆಯ ಸರಸ್ವತಿ ನಗರದಂಥ ಬಡಾವಣೆಗಳಲ್ಲಾಗಲಿ, ಹರಿಹರದ ಹಳೆಯ ಬೀದಿಗಳಲ್ಲಾಗಲಿ ಕುಟುಂಬಗಳನ್ನು ಭೇಟಿ ಮಾಡುತ್ತ ಹೋಗುವ ಗುರುಗಳಿಗೆ ಈಗ ಆಗಾಗ ಎದುರಾಗುವುದು ಬೀಗ ಹಾಕಿದ ಬಾಗಿಲು. ಗೇಟಿಗೆ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು, ಅದರ ಕೆಳಗೊಂದು ಫೋನ್ ನಂಬರು. ವಿಚಾರಿಸಿದರೆ ಕಥೆ ಹೆಚ್ಚು ಕಡಿಮೆ ಒಂದೇ. ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ ನೆಲೆಸಿದ್ದಾರೆ. ತಂದೆ ತೀರಿಕೊಂಡ ಮೇಲೆ ತಾಯಿಯನ್ನೂ ಕರೆದುಕೊಂಡು ಹೋಗಿದ್ದಾರೆ. ಮನೆ ಮಾತ್ರ ಇಲ್ಲಿ ಉಳಿದಿದೆ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ನಂಬಿ ಬಂದು ಇಲ್ಲೇ ಮನೆ ಕಟ್ಟಿಕೊಂಡವರು ಎಷ್ಟೋ ಜನ. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದು ಮುಚ್ಚಿದ ಮೇಲೆ ಅವರ ಮಕ್ಕಳು ಕೆಲಸ ಹುಡುಕಿಕೊಂಡು ಬೇರೆ ಊರುಗಳಿಗೆ ಹೊರಟರು. ದಾವಣಗೆರೆಯ ಹತ್ತಿ ಗಿರಣಿಗಳನ್ನು ನಂಬಿದ್ದ ಮನೆಗಳ ಕಥೆಯೂ ಬಹುಮಟ್ಟಿಗೆ ಅದೇ.

ಇಂಥ ಮನೆಯ ವಾರಸುದಾರರು ಗುರುಗಳ ಬಳಿ ಬಂದರೆ ಸಾಮಾನ್ಯವಾಗಿ ಕೇಳುವುದು ಪ್ರಾರ್ಥನೆಯನ್ನು: ‘ಸ್ವಾಮಿ, ಮನೆ ಬೇಗ ಮಾರಾಟವಾಗಲಿ ಎಂದು ಒಂದು ಬಲಿಪೂಜೆ ಅರ್ಪಿಸಿ.’ ಆದರೆ ಒಮ್ಮೊಮ್ಮೆ ಬೇರೆ ಬಗೆಯ ಪ್ರಶ್ನೆಯೂ ಬರುತ್ತದೆ. ಒಬ್ಬರು ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ಕೇಳಿದರು: ‘ಖಾಲಿ ಮನೆಯಲ್ಲಿ ರಾತ್ರಿ ದೀಪ ಉರಿಯುವಂತೆ ಮಾಡಿದ್ದೇವೆ. ಒಳಗೆ ಜನ ಇದ್ದಾರೆಂದು ಕಳ್ಳರು ತಿಳಿದುಕೊಳ್ಳಲಿ ಅಂತ. ಅದು ತಪ್ಪಲ್ಲ ಎನ್ನುವುದಾದರೆ, ನೀರು ಇಳಿಯುವ ಗೋಡೆಗೆ ಬಣ್ಣ ಬಳಿಸಿ ಗಿರಾಕಿಗೆ ತೋರಿಸುವುದು ಮಾತ್ರ ಹೇಗೆ ತಪ್ಪಾಗುತ್ತದೆ? ಎರಡೂ ಇಲ್ಲದ್ದನ್ನು ಇದೆಯೆಂದು ತೋರಿಸುವುದೇ ತಾನೇ?’

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮನೆ ಮಾರುವುದು ಬಹುಪಾಲು ಕುಟುಂಬಗಳು ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ವ್ಯವಹಾರ. ಕೊಳ್ಳುವ ಕುಟುಂಬಕ್ಕೆ ಅದು ಇಪ್ಪತ್ತು ವರ್ಷಗಳ ಸಾಲ. ಅಲ್ಲಿ ನಮ್ಮ ನಾಲಿಗೆ ಹೇಗೆ ನಡೆದುಕೊಂಡಿತು ಎಂಬುದು ದೇವರ ಮುಂದೆ ಸಣ್ಣ ವಿಷಯವಲ್ಲ.

ದೀಪದ ಮಾತು

ಮೊದಲು ದೀಪವನ್ನು ತೆಗೆದುಕೊಳ್ಳೋಣ. ಸುಳ್ಳಿನ ವಿಷಯದಲ್ಲಿ ನಮ್ಮ ಧರ್ಮಸಭೆಯ ಗುರುಹಿರಿಯರು ಬಹಳ ಕಟ್ಟುನಿಟ್ಟು. ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಸುಳ್ಳು ಹೇಳುವುದು ಪಾಪವೇ ಎಂಬುದು ಸಂತ ಅಗಸ್ಟೀನರ ನಿಲುವು. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರೂ ಅದನ್ನು ಒಪ್ಪುತ್ತಾರೆ. ಆದರೆ ಅವರು ಒಂದು ವ್ಯತ್ಯಾಸವನ್ನು ಗುರುತಿಸುತ್ತಾರೆ. ಸುಳ್ಳು ಹೇಳುವುದು ಬೇರೆ, ಸತ್ಯವನ್ನು ವಿವೇಕದಿಂದ ಮರೆಯಲ್ಲಿಡುವುದು ಬೇರೆ. ಯುದ್ಧದಲ್ಲಿ ಹೊಂಚು ಹಾಕುವುದು ಸರಿಯೇ ಎಂದು ಚರ್ಚಿಸುವಾಗ, ಯೆಹೋಶುವನು ಆಯಿ ಪಟ್ಟಣದ ಹಿಂದೆ ಸೈನಿಕರನ್ನು ಅಡಗಿಸಿಟ್ಟ ಪ್ರಸಂಗವನ್ನು ಅವರು ನೆನಪಿಸುತ್ತಾರೆ. ನಮ್ಮ ಮನಸ್ಸಿನಲ್ಲಿರುವುದನ್ನೆಲ್ಲ ಎಲ್ಲರಿಗೂ ತೆರೆದು ತೋರಿಸಬೇಕೆಂಬ ಕಟ್ಟಳೆ ಇಲ್ಲ. ಆದರೆ ಸುಳ್ಳಾಡುವುದು, ಕೊಟ್ಟ ಮಾತನ್ನು ಮುರಿಯುವುದು ಶತ್ರುವಿನ ಜೊತೆಯಲ್ಲೂ ಸಲ್ಲದು ಎಂಬುದು ಅವರ ತೀರ್ಮಾನ.

ಈ ಎಳೆ ಎಷ್ಟು ಸೂಕ್ಷ್ಮವೆಂಬುದಕ್ಕೆ ನಮ್ಮ ಕಾಲದ್ದೇ ಒಂದು ಉದಾಹರಣೆಯಿದೆ. ಜಗದ್ಗುರು ಸಂತ ಎರಡನೇ ಜಾನ್ ಪೌಲರು 1992ರಲ್ಲಿ ಪ್ರಕಟಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ, ಸತ್ಯವನ್ನು ತಿಳಿಯುವ ಹಕ್ಕುಳ್ಳವರನ್ನು ದಾರಿ ತಪ್ಪಿಸುವುದೇ ಸುಳ್ಳು ಎಂಬರ್ಥದ ವಿವರಣೆಯಿತ್ತು. 1997ರ ಅಧಿಕೃತ ಲತೀನ್ ಆವೃತ್ತಿಯಲ್ಲಿ ‘ಹಕ್ಕುಳ್ಳವರನ್ನು’ ಎಂಬ ಆ ಷರತ್ತನ್ನು ತೆಗೆದುಹಾಕಲಾಯಿತು. ಎಂದರೆ, ಇವನಿಗೆ ಹಕ್ಕಿಲ್ಲ ಎಂದು ನಾವೇ ತೀರ್ಮಾನಿಸಿಕೊಂಡು ಬಾಯಿಗೆ ಬಂದ ಸುಳ್ಳು ಹೇಳುವಂತಿಲ್ಲ. ಆದರೆ ಅದೇ ಗ್ರಂಥ, ತಿಳಿಯುವ ಹಕ್ಕಿಲ್ಲದವರಿಗೆ ಸತ್ಯವನ್ನು ಬಿಚ್ಚಿಡಬೇಕಾದ ಹೊಣೆ ಯಾರಿಗೂ ಇಲ್ಲ ಎಂಬ ಬೋಧನೆಯನ್ನು ಹಾಗೆಯೇ ಉಳಿಸಿಕೊಂಡಿದೆ.

ಹೀಗೆ ನೋಡಿದರೆ ಖಾಲಿ ಮನೆಯ ದೀಪ ಯಾರಿಗೂ ಏನನ್ನೂ ಹೇಳುವುದಿಲ್ಲ. ತನ್ನ ಮನೆಯಲ್ಲಿ ತಾನು ದೀಪ ಹಚ್ಚುವುದು ಯಜಮಾನನ ಹಕ್ಕು. ದಾರಿಹೋಕ ಅದನ್ನು ಕಂಡು ಏನಾದರೂ ಊಹಿಸಿಕೊಂಡರೆ ಅವನಿಗೆ ಸಲ್ಲಬೇಕಾದ ಯಾವುದನ್ನೂ ನಾವು ಕಸಿದುಕೊಂಡಂತಾಗಲಿಲ್ಲ. ಪಕ್ಕದವರಿಗೆ ಹೇಳಿ ಗೇಟಿನ ಮುಂದೆ ಬಿದ್ದ ಪತ್ರಿಕೆ, ಕಾಗದಗಳನ್ನು ತೆಗೆಸುವುದು, ವಾರಕ್ಕೊಮ್ಮೆ ಅಂಗಳ ಗುಡಿಸುವುದು, ಮನೆ ಖಾಲಿಯಿದೆಯೆಂದು ಪೊಲೀಸ್ ಠಾಣೆಗೆ ತಿಳಿಸಿಡುವುದು, ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ಆದರೆ ಅಪರಿಚಿತನೊಬ್ಬ ಫೋನಿನಲ್ಲಿ ‘ಮನೆಯಲ್ಲಿ ಯಾರಿದ್ದಾರೆ?’ ಎಂದು ಕೇಳಿದರೆ, ‘ನನ್ನ ನಾಲ್ವರು ತಮ್ಮಂದಿರು ಅಲ್ಲೇ ಮಲಗುತ್ತಾರೆ’ ಎಂದು ಕಟ್ಟಿ ಹೇಳುವುದು ಬೇಡ. ‘ಅದು ನಿಮಗೆ ಯಾಕೆ ಬೇಕು?’ ಎಂದರೆ ಸಾಕು. ಅದು ಸುಳ್ಳೂ ಅಲ್ಲ, ಮನೆಯ ಗುಟ್ಟು ಬಿಟ್ಟುಕೊಟ್ಟಂತೆಯೂ ಅಲ್ಲ.

ಬಣ್ಣದ ಮಾತು

ಇನ್ನು ಬಣ್ಣ. ಇಲ್ಲಿ ಎದುರಿಗಿರುವವನು ಕಳ್ಳನಲ್ಲ. ಹಣ ಕೊಡಲು ಬಂದಿರುವವನು, ನಮ್ಮನ್ನು ನಂಬಿ ತನ್ನ ಹೆಂಡತಿ ಮಕ್ಕಳನ್ನು ಆ ಗೋಡೆಗಳ ನಡುವೆ ಮಲಗಿಸಲಿರುವವನು. ತಾನು ಹಣ ಕೊಡುತ್ತಿರುವುದು ಯಾವುದಕ್ಕೆ ಎಂದು ತಿಳಿಯುವ ಹಕ್ಕು ಅವನಿಗೆ ಪೂರ್ಣವಾಗಿದೆ. ದೀಪಕ್ಕೂ ಬಣ್ಣಕ್ಕೂ ಇರುವ ಅಂತರ ಇಲ್ಲಿದೆ.

ಇದು ಹೊಸ ಪ್ರಶ್ನೆಯೇನಲ್ಲ. ಕ್ರಿಸ್ತ ಜನನಕ್ಕೆ ನಾಲ್ಕು ದಶಕ ಮೊದಲೇ ರೋಮಿನ ಸಿಸೆರೊ ಕರ್ತವ್ಯಗಳ ಕುರಿತು ಬರೆದ ತನ್ನ ಗ್ರಂಥದಲ್ಲಿ ಇದನ್ನು ಎತ್ತಿದ್ದಾನೆ. ಒಬ್ಬನ ಮನೆ ನೋಡಲು ಚೆನ್ನಾಗಿದೆ. ಆದರೆ ಅದರ ಮರಮುಟ್ಟು ಲಡ್ಡಾಗಿದೆ, ಮಲಗುವ ಕೋಣೆಗಳಲ್ಲಿ ಹಾವು ಕಾಣಿಸಿಕೊಳ್ಳುತ್ತವೆ. ಇದು ಗೊತ್ತಿರುವುದು ಯಜಮಾನನಿಗೆ ಮಾತ್ರ. ಅವನು ಹೇಳದೆ ಮಾರಬಹುದೇ? ಸಲ್ಲದು ಎನ್ನುತ್ತಾನೆ ಸಿಸೆರೊ. ಅವನು ಕ್ರೈಸ್ತನಲ್ಲ, ಮನುಷ್ಯನ ಸಹಜ ವಿವೇಕವೇ ಅವನಿಂದ ಹಾಗೆ ಹೇಳಿಸಿತು. ನಾಲ್ಕು ಶತಮಾನಗಳ ನಂತರ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು, ಮಾರುವ ವಸ್ತುವಿನ ದೋಷವನ್ನು ತಿಳಿಸುವುದು ಮಾರುವವನ ಕರ್ತವ್ಯವೆಂದು ಬೋಧಿಸಿದರು. ಸಂತ ಥಾಮಸರು ಮಾರಾಟದಲ್ಲಿ ನಡೆಯುವ ಮೋಸವನ್ನು ವಿವರಿಸುವಾಗ ಕೊಡುವ ಉದಾಹರಣೆಗಳಲ್ಲಿ ಒಂದು, ಬೀಳಲಿರುವ ಮನೆಯನ್ನು ಗಟ್ಟಿ ಮನೆಯೆಂದು ಮಾರುವುದು.

ನಮ್ಮ ದೇಶದ ಕಾನೂನು ಕೂಡ ಇದನ್ನೇ ಹೇಳುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮಿನ ಪ್ರಕಾರ, ಸ್ವತ್ತಿನಲ್ಲಾಗಲಿ ಅದರ ಹಕ್ಕುಪತ್ರಗಳಲ್ಲಾಗಲಿ ಇರುವ ಮುಖ್ಯ ದೋಷವು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅದು ಕಾಣುವಂಥದ್ದಲ್ಲದಿದ್ದರೆ, ಮಾರುವವನು ತಾನಾಗಿ ಅದನ್ನು ತಿಳಿಸಬೇಕು. ತಿಳಿಸದೆ ಬಿಡುವುದನ್ನು ಕಾಯಿದೆ ವಂಚನೆಯೆಂದೇ ಕರೆಯುತ್ತದೆ. ಆದುದರಿಂದ ‘ನಾನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ ಅಷ್ಟೆ’ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ.

ನಮ್ಮ ಸೀಮೆಯಲ್ಲಿ ಈ ಕಾಣದ ದೋಷಗಳು ಯಾವುವೆಂದು ನಿಮಗೇ ಗೊತ್ತಿದೆ. ಎರೆ ಮಣ್ಣಿನ ನೆಲ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಕಟ್ಟಿದ ಗೋಡೆಯ ಬಿರುಕಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದು ಬೇಸಿಗೆಯವರೆಗೆ ಕಾಣುವುದಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರೆ ಉಕ್ಕಿದಾಗ ಹರಿಹರದ ನದಿದಂಡೆಯ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಬೇರೆ ಊರಿನಿಂದ ಬಂದ ಗಿರಾಕಿಗೆ ತಿಳಿಯದು. ಏಪ್ರಿಲ್ ತಿಂಗಳಲ್ಲಿ ಬತ್ತುವ ಬೋರ್‌ವೆಲ್ಲನ್ನು ಅಕ್ಟೋಬರಿನಲ್ಲಿ ತೋರಿಸಿದರೆ ನೀರು ಧಾರಾಳ. ಬಾಗಿಲ ಚೌಕಟ್ಟಿನ ಒಳಗಿನ ಗೆದ್ದಲು ವಾರ್ನಿಷಿನ ಕೆಳಗೆ ಅಡಗಿರುತ್ತದೆ. ಅಣ್ಣತಮ್ಮಂದಿರ ನಡುವೆ ಪಾಲಿನ ತಕರಾರು ಇದ್ದರೆ ಅದು ಗೋಡೆಯಲ್ಲಿ ಕಾಣುವುದೇ ಇಲ್ಲ.

ಹಾಗಾದರೆ ಬಣ್ಣವನ್ನೇ ಹೊಡೆಸಬಾರದೇ? ಖಂಡಿತ ಹೊಡೆಸಿ. ಮನೆಯನ್ನು ಚೊಕ್ಕಟ ಮಾಡಿ, ಮುರಿದ ನಲ್ಲಿ ಬದಲಾಯಿಸಿ, ಅಂಗಳದ ಕಳೆ ಕೀಳಿಸಿ. ಬರುವವರ ಮುಂದೆ ಮನೆ ಲಕ್ಷಣವಾಗಿ ಕಾಣಬೇಕೆಂಬ ಆಸೆ ತಪ್ಪಲ್ಲ. ತಾರಸಿಯ ಸೋರಿಕೆ ನಿಲ್ಲಿಸಿ ಗೋಡೆಗೆ ಬಣ್ಣ ಬಳಿದರೆ ಅದು ಸಿದ್ಧತೆ. ಸೋರಿಕೆ ಇದ್ದಂತೆಯೇ ಬಳಿದರೆ ಅದು ಮರೆಮಾಚುವುದು. ಯಾಜಕಕಾಂಡದ 14ನೇ ಅಧ್ಯಾಯವನ್ನು ಒಮ್ಮೆ ಓದಿ ನೋಡಿ. ಗೋಡೆಗೆ ಬೂಷ್ಟು ಹತ್ತಿದರೆ ಏನು ಮಾಡಬೇಕೆಂದು ಅಲ್ಲಿ ವಿವರವಾಗಿ ಹೇಳಿದೆ. ಮನೆಯ ಯಜಮಾನನೇ ಹೋಗಿ ಯಾಜಕನಿಗೆ ತಿಳಿಸಬೇಕು. ಮನೆ ಖಾಲಿ ಮಾಡಿಸಿ, ಏಳು ದಿನ ಮುಚ್ಚಿಟ್ಟು, ಆಮೇಲೆ ನೋಡಬೇಕು. ಬೂಷ್ಟು ಹರಡಿದ್ದರೆ ಕೆಟ್ಟ ಕಲ್ಲುಗಳನ್ನು ಕಿತ್ತು, ಗೋಡೆ ಕೆರೆದು, ಹೊಸ ಗಾರೆ ಹಾಕಬೇಕು. ಇಷ್ಟಾದ ಮೇಲೂ ಮರಳಿ ಬಂದರೆ ಮನೆಯನ್ನೇ ಕೆಡವಬೇಕು. ಮೇಲೆ ಸುಣ್ಣ ಬಳಿದು ಸುಮ್ಮನಾಗಿ ಎಂದು ಎಲ್ಲಿಯೂ ಹೇಳಿಲ್ಲ. ಸುಣ್ಣ ಬಳಿದ ಸಮಾಧಿಗಳ ಬಗ್ಗೆ ಯೇಸುಸ್ವಾಮಿ ಏನು ಹೇಳಿದರೆಂದು ನಿಮಗೆ ಗೊತ್ತೇ ಇದೆ.

‘ಸ್ವಾಮಿ, ಇದ್ದದ್ದನ್ನೆಲ್ಲ ಹೇಳುತ್ತ ಕುಳಿತರೆ ಯಾರು ಕೊಳ್ಳುತ್ತಾರೆ? ಎಲ್ಲರೂ ಹೀಗೇ ತಾನೇ ಮಾಡುವುದು?’ ಎಂದು ನೀವು ಕೇಳಬಹುದು. ಮಾರುವವರ ಈ ಕಷ್ಟವನ್ನು ಸಂತ ಥಾಮಸರು ಬಲ್ಲವರಾಗಿದ್ದರು. ಬೀದಿಯಲ್ಲಿ ಡಂಗುರ ಹೊಡೆಸಬೇಕಾಗಿಲ್ಲ, ಹಾಗೆ ಮಾಡಿದರೆ ಯಾರೂ ಹತ್ತಿರವೇ ಬರುವುದಿಲ್ಲ. ಆದರೆ ಕೊಳ್ಳಲು ಮುಂದೆ ಬಂದ ಪ್ರತಿಯೊಬ್ಬರಿಗೂ ತಿಳಿಸಬೇಕು ಎನ್ನುತ್ತಾರೆ. ಕಣ್ಣಿಗೆ ಎದ್ದು ಕಾಣುವ ದೋಷವನ್ನು ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ, ಬೆಲೆಯಲ್ಲಿ ಅದನ್ನು ತಗ್ಗಿಸಿದ್ದರೆ ಸಾಕು ಎಂದೂ ಅವರು ಹೇಳುತ್ತಾರೆ. ಆದುದರಿಂದ ಬೋರ್ಡಿನ ಮೇಲೆ ‘ಮನೆ ಸೋರುತ್ತದೆ’ ಎಂದು ಬರೆಸಬೇಡಿ. ಆದರೆ ಮನೆ ನೋಡಲು ಬಂದವರನ್ನು ಆ ಕೋಣೆಗೂ ಕರೆದೊಯ್ದು, ‘ಮಳೆಗಾಲದಲ್ಲಿ ಇಲ್ಲಿ ನೀರು ಇಳಿಯುತ್ತದೆ, ರಿಪೇರಿಗೆ ಇಷ್ಟು ಖರ್ಚಾಗಬಹುದು, ಅದನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಹೇಳಿದ್ದೇವೆ’ ಎನ್ನಿ. ದಲ್ಲಾಳಿಯ ಬಾಯಿಂದ ಸುಳ್ಳು ಹೇಳಿಸಿದರೂ ಅದು ನಮ್ಮ ಲೆಕ್ಕಕ್ಕೇ ಬರುತ್ತದೆ.

ಒಂದು ಕಠಿಣ ಪ್ರಸಂಗವೂ ಇದೆ. ಆ ಮನೆಯಲ್ಲಿ ಹಿಂದೆ ಯಾರೋ ನೊಂದು ಪ್ರಾಣ ಕಳೆದುಕೊಂಡಿದ್ದರೆ ಅದನ್ನೂ ಹೇಳಬೇಕೇ? ಅದು ಗೋಡೆಯ ದೋಷವಲ್ಲ. ಸತ್ತವರ ಆತ್ಮ ಮನೆಯನ್ನು ಕಾಡುತ್ತದೆ ಎಂಬುದು ನಮ್ಮ ವಿಶ್ವಾಸವೂ ಅಲ್ಲ. ಮೃತರ ಮತ್ತು ಅವರ ಕುಟುಂಬದ ಮಾನವನ್ನು ಕಾಯುವುದೂ ನಮ್ಮ ಕರ್ತವ್ಯವೇ. ತಾನಾಗಿ ಎತ್ತಿ ಹೇಳುವ ಹೊಣೆ ಇಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಕೊಳ್ಳುವವರು ನೇರವಾಗಿ ಕೇಳಿದರೆ ಇಲ್ಲವೆನ್ನಬಾರದು. ಅವರಿಗೆ ಅದು ಮುಖ್ಯವಾದುದರಿಂದಲೇ ಅವರು ಕೇಳಿದ್ದಾರೆ.

ಪಕ್ಕದ ಮನೆಯವರ ಪಾಲು

ಖಾಲಿ ಮನೆ ಖಾಲಿಯಾಗಿಯೇ ಉಳಿಯುವುದಿಲ್ಲ. ಗುಡಿಸಿಟ್ಟ ಖಾಲಿ ಮನೆಗೆ ದೆವ್ವ ಮತ್ತೆ ಏಳು ದೆವ್ವಗಳನ್ನು ಕರೆತಂದ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ಮನುಷ್ಯನ ಮನಸ್ಸಿನ ಬಗ್ಗೆ. ಆದರೆ ಆ ಮಾತು ಕಲ್ಲು ಗಾರೆಯ ಮನೆಗೂ ಒಪ್ಪುತ್ತದೆ. ಯಜಮಾನ ಹೊರಟ ಮೇಲೆ ಹಾವು, ಇಲಿ, ಸೊಳ್ಳೆ, ಇಸ್ಪೀಟಿನ ಗುಂಪು ಒಂದೊಂದಾಗಿ ಒಳಗೆ ಬರುತ್ತವೆ. ಅದರ ಕಷ್ಟ ಅನುಭವಿಸುವವರು ಬೆಂಗಳೂರಿನಲ್ಲಿರುವ ಯಜಮಾನರಲ್ಲ, ಪಕ್ಕದ ಮನೆಯವರು.

ಪವಿತ್ರ ಗ್ರಂಥ ಇಲ್ಲಿಯೂ ಆಶ್ಚರ್ಯವಾಗುವಷ್ಟು ಸ್ಪಷ್ಟವಾಗಿದೆ. ಹಳ್ಳ ತೋಡಿ ಮುಚ್ಚದೆ ಬಿಟ್ಟು, ಅದರಲ್ಲಿ ಮತ್ತೊಬ್ಬನ ಎತ್ತು ಬಿದ್ದು ಸತ್ತರೆ ತೋಡಿದವನೇ ನಷ್ಟ ತುಂಬಿಕೊಡಬೇಕೆಂದು ವಿಮೋಚನಾಕಾಂಡದ 21ನೇ ಅಧ್ಯಾಯ ವಿಧಿಸುತ್ತದೆ. ತಾರಸಿಗೆ ಕಟ್ಟೆ ಕಟ್ಟಿಸದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಯ ಮೇಲೆ ಬರುತ್ತದೆಂದು ಧರ್ಮೋಪದೇಶಕಾಂಡದ 22ನೇ ಅಧ್ಯಾಯ ಎಚ್ಚರಿಸುತ್ತದೆ. ನಮ್ಮ ಮನೆಗಳಲ್ಲಿ ಆ ಹಳ್ಳವೆಂದರೆ ಸಂಪು. ಮುಚ್ಚಳ ತುಕ್ಕು ಹಿಡಿದ ಸಂಪಿನ ಬಳಿ ಚೆಂಡು ಹುಡುಕಿಕೊಂಡು ಬರುವ ಪಕ್ಕದ ಮನೆಯ ಮಗುವನ್ನು ಒಮ್ಮೆ ನೆನೆಸಿಕೊಳ್ಳಿ. ಊರು ಬಿಡುವ ಮುನ್ನ ಸಂಪಿನ ಮುಚ್ಚಳ ಗಟ್ಟಿ ಮಾಡಿಸಿ ಬೀಗ ಹಾಕಿ. ನೂರಾರು ರೂಪಾಯಿಯ ಕೆಲಸವನ್ನು ಮುಂದೂಡಿದ್ದಕ್ಕೆ ಒಂದು ಜೀವ ಹೋಗಬಾರದು.

ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿ ನೀರಿನಲ್ಲಿಯೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಆ ಮೊಟ್ಟೆಗಳು ನೀರಾರಿದ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದುದರಿಂದ ಟ್ಯಾಂಕನ್ನು ಬರಿದು ಮಾಡಿದರೆ ಸಾಲದು, ಉಜ್ಜಿ ತೊಳೆಯಬೇಕು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತು. ದಂಡ ಕಟ್ಟಿದರೆ ಕಾನೂನಿನ ಬಾಕಿ ತೀರೀತು. ಪಕ್ಕದ ಮನೆಯ ಕೂಸು ಜ್ವರದಿಂದ ಮಲಗಿದರೆ ಆ ಬಾಕಿ ಹೇಗೆ ತೀರುತ್ತದೆ? ಐದನೆಯ ಆಜ್ಞೆ ಕತ್ತಿ ಹಿಡಿದವನಿಗೆ ಮಾತ್ರ ಅನ್ವಯಿಸುವುದಿಲ್ಲ.

ಗ್ಯಾಸ್ ಸಿಲಿಂಡರನ್ನು ಒಳಗೆ ಬಿಟ್ಟುಹೋಗಬೇಡಿ. ಬಚ್ಚಲಿನ ಮೋರಿಯ ಜಾಲರಿಗಳಿಗೆ ಆಗಾಗ ಒಂದು ಚೊಂಬು ನೀರು ಹಾಕಿಸಿ. ಅಲ್ಲಿನ ನೀರು ಒಣಗಿದರೆ ಚರಂಡಿಯ ನಾತ, ಜಿರಳೆ ಎರಡೂ ಮೇಲೆ ಬರುತ್ತವೆ. ವಿದ್ಯುತ್ ಬಿಲ್ಲು, ಕಂದಾಯಗಳನ್ನು ಬಾಕಿ ಉಳಿಸಬೇಡಿ. ಮುಂಗಡ ಪಡೆದ ಮೇಲಂತೂ ಜವಾಬ್ದಾರಿ ಇನ್ನೂ ಹೆಚ್ಚು. ಕರಾರಾದ ದಿನದಿಂದ ಕೀಲಿಕೈ ಒಪ್ಪಿಸುವ ದಿನದವರೆಗೆ, ವಿವೇಕವುಳ್ಳ ಯಜಮಾನನು ತನ್ನ ಸ್ವಂತ ಸ್ವತ್ತನ್ನು ನೋಡಿಕೊಳ್ಳುವಂತೆಯೇ ಆ ಮನೆಯನ್ನೂ ಪತ್ರಗಳನ್ನೂ ನೋಡಿಕೊಳ್ಳಬೇಕೆಂದು ಅದೇ 55ನೇ ಕಲಮು ಹೇಳುತ್ತದೆ. ಮಾತಾದ ಮೇಲೆ ರಾತ್ರೋರಾತ್ರಿ ತೇಗದ ಬಾಗಿಲು, ಮೋಟಾರು, ಹಿತ್ತಾಳೆ ನಲ್ಲಿಗಳನ್ನು ಬಿಚ್ಚಿಕೊಂಡು ಹೋಗುವುದು ‘ನಮ್ಮದನ್ನು ನಾವು ಒಯ್ದೆವು’ ಎಂದಾಗುವುದಿಲ್ಲ. ಏನು ಒಯ್ಯುತ್ತೀರಿ, ಏನು ಬಿಡುತ್ತೀರಿ ಎಂಬುದನ್ನು ಮೊದಲೇ ಬರೆದುಕೊಳ್ಳಿ.

ಕಾಯುವವರ ಪಾಲು

ಖಾಲಿ ಮನೆಗೆ ಕಾವಲಿರಲೆಂದು ಬಡ ಕುಟುಂಬವೊಂದನ್ನು ಹಿಂಬದಿಯ ಕೋಣೆಯಲ್ಲಿ ಇಡುವ ಪದ್ಧತಿ ನಮ್ಮಲ್ಲಿದೆ. ‘ಬಾಡಿಗೆ ಇಲ್ಲದೆ ಮನೆ ಕೊಟ್ಟಿದ್ದೇವಲ್ಲ’ ಎಂದು ಕೂಲಿ ಕೊಡದಿರುವುದೂ ಇದೆ. ರಾತ್ರಿ ಎಚ್ಚರವಿರುವುದು, ಅಂಗಳ ಗುಡಿಸುವುದು, ಗಿರಾಕಿ ಬಂದಾಗ ಬಾಗಿಲು ತೆರೆಯುವುದು, ಇವೂ ದುಡಿಮೆಯೇ. ತಡೆಹಿಡಿದ ಕೂಲಿ ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆಂದು ಸಂತ ಯಕೋಬರು ಬರೆದಿರುವುದನ್ನು ಮರೆಯಬಾರದು. ಮನೆ ಮಾರಾಟವಾದೊಡನೆ ‘ನಾಳಿದ್ದು ಖಾಲಿ ಮಾಡಿ’ ಎನ್ನುವುದಂತೂ ಕ್ರೂರ. ಅವರ ಮಕ್ಕಳೂ ಹತ್ತಿರದ ಶಾಲೆಗೆ ಹೋಗುತ್ತಿರುತ್ತಾರೆ. ಮೊದಲ ದಿನವೇ ವಿಷಯ ತಿಳಿಸಿ, ಬೇರೆ ಕಡೆ ನೋಡಿಕೊಳ್ಳಲು ಸಮಯ ಕೊಡಿ, ಸಾಧ್ಯವಾದರೆ ಮುಂಗಡಕ್ಕೆ ನೆರವಾಗಿ. ನಿಮ್ಮ ಮನೆ ಹಾಳಾಗದಂತೆ ಉಳಿದದ್ದು ಅವರಿಂದ.

ಮಾರಾಟ ವರ್ಷಗಟ್ಟಲೆ ತಡವಾದರೆ ಮತ್ತೊಂದು ಮಾತನ್ನೂ ಯೋಚಿಸಬೇಕು. 2011ರ ಜನಗಣತಿಯ ಪ್ರಕಾರ ನಮ್ಮ ದೇಶದ ನಗರಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿ ಬಿದ್ದಿದ್ದವು. ಭೂಮಿಯ ಸಂಪತ್ತು ಎಲ್ಲ ಮನುಷ್ಯರಿಗಾಗಿ ಇದೆಯೆಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಬೋಧಿಸಿತು. ಬೆಲೆ ಇನ್ನೂ ಏರಲಿ ಎಂದು ಕಾಯುವ ನಡುವೆ, ಸರಿಯಾದ ಕರಾರು ಮಾಡಿಕೊಂಡು ಒಂದು ಕುಟುಂಬಕ್ಕೋ ಓದುವ ಮಕ್ಕಳಿಗೋ ಬಾಡಿಗೆಗೆ ಕೊಡಲಾಗದೇ? ಜನ ವಾಸವಿರುವ ಮನೆಗೆ ಕಳ್ಳರ ಭಯವೂ ಕಡಿಮೆ, ಗೆದ್ದಲಿನ ಭಯವೂ ಕಡಿಮೆ.

ಪ್ರಾರ್ಥನೆಯ ಮಾತು

ಅಮೆರಿಕದ ಕೆಲವು ಕಡೆ, ಮನೆ ಬೇಗ ಮಾರಾಟವಾಗಲೆಂದು ಸಂತ ಜೋಸೆಫರ ಸಣ್ಣ ಪ್ರತಿಮೆಯನ್ನು ಅಂಗಳದಲ್ಲಿ ತಲೆಕೆಳಗಾಗಿ ಹೂಳುತ್ತಾರೆ. ಅದಕ್ಕೆಂದೇ ಪೊಟ್ಟಣಗಳೂ ಮಾರಾಟಕ್ಕಿವೆ. ಇದು ಭಕ್ತಿಯಲ್ಲ, ಮೂಢನಂಬಿಕೆ. ಪವಿತ್ರ ಕುಟುಂಬವನ್ನು ಸಲಹಿದ ಸಂತರನ್ನು ಗೌರವದಿಂದ ನಿಲ್ಲಿಸಿ ಪ್ರಾರ್ಥಿಸಿ. ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಹೋಗಿ ಮೇಣದಬತ್ತಿ ಹಚ್ಚಿ ಬೇಡಿಕೊಳ್ಳಿ. ಆದರೆ ‘ಒಳ್ಳೆ ಬೆಲೆ ಬರಲಿ’ ಎಂಬುದರ ಜೊತೆಗೆ ‘ಕೊಳ್ಳುವವರಿಗೆ ನಮ್ಮಿಂದ ಮೋಸವಾಗದಿರಲಿ’ ಎಂಬುದನ್ನೂ ಸೇರಿಸಿ. ಎರಡನೆಯದನ್ನು ಹೇಳಲು ನಾಲಿಗೆ ಹಿಂಜರಿದರೆ, ಅದು ಏಕೆಂದು ಅಲ್ಲೇ ಮೊಣಕಾಲೂರಿ ಕೇಳಿಕೊಳ್ಳಿ.

ಸಾಮಾನು ಸಾಗಿಸುವ ದಿನ ಯೇಸುವಿನ ಪವಿತ್ರ ಹೃದಯದ ಪಟವನ್ನು ಅಟ್ಟದ ಮೇಲೆ ಬಿಟ್ಟುಹೋಗಬೇಡಿ, ಗುಜರಿಗೂ ಹಾಕಬೇಡಿ. ಆಶೀರ್ವದಿಸಿದ ವಸ್ತುಗಳಿಗೆ ಗೌರವ ಸಲ್ಲಬೇಕೆಂಬುದು ಧರ್ಮಸಭೆಯ ನಿಯಮ. ಒಯ್ಯಲಾಗದಿದ್ದರೆ ದೇವಾಲಯಕ್ಕೆ ತಂದುಕೊಡಿ. ಎಲ್ಲ ಮುಗಿದ ಮೇಲೆ ಮನೆಯವರೆಲ್ಲ ಬರಿದಾದ ನಡುಮನೆಯಲ್ಲಿ ನಿಂತು ಒಂದು ಪರಲೋಕ ಜಪ ಹೇಳಿ. ಅಲ್ಲಿ ಹುಟ್ಟಿದವರಿಗಾಗಿ, ಅಲ್ಲಿ ತೀರಿಕೊಂಡವರಿಗಾಗಿ ದೇವರಿಗೆ ವಂದನೆ ಸಲ್ಲಿಸಿ. ಮುಂದೆ ಬರುವ ಕುಟುಂಬ ಯಾವ ಜಾತಿಯದಾಗಲಿ, ಯಾವ ಮತದ್ದಾಗಲಿ, ಅದಕ್ಕೂ ಒಳಿತಾಗಲೆಂದು ಬೇಡಿಕೊಳ್ಳಿ. ಆ ಕುಟುಂಬದವರ ಮುಂದೆ ಮುಚ್ಚಿಟ್ಟದ್ದು ಏನೂ ಇಲ್ಲದಿದ್ದರೆ ಕೀಲಿಕೈಯನ್ನು ಅವರ ಕೈಗೆ ಕೊಡುವಾಗ ಅವರ ಮುಖ ನೋಡಿ ಕೊಡಬಹುದು. ಮುಂದೊಂದು ಮಳೆಗಾಲದಲ್ಲಿ ಅವರು ಫೋನ್ ಮಾಡಿದರೆ ಎತ್ತಲು ಹೆದರಬೇಕಾಗಿಯೂ ಇರುವುದಿಲ್ಲ.